ಜನನೇ ಇರ್ಲಿಲ್ಲ

ಫೆಬ್ರವರಿಯಲ್ಲಿ ಅಮ್ಮನನ್ನ ಮೈಸೂರಿಗೆ ಕರ್ಕೊಂಡು ಹೋಗಿದ್ದೆ. ಬೆಂಗಳೂರಿನ ಆಫೀಸುಗಳಲ್ಲಿ ಕೂತು ಕೆಲಸ ಮಾಡೋ ನಮ್ಮಂಥವರು ಏನು ಮಾಡೋದಿದ್ರೂ ಮೊದಲು ಒಂದು ಎಕ್ಸೆಲ್ ಶೀಟ್ ಮಾಡ್ತೀವಿ. ನಾನೂ ಮಾಡಿದೆ. ಎರಡು ರಾತ್ರಿ ನಿದ್ದೆಗೆಟ್ಟು ಹತ್ತಾರು ವಿಡಿಯೋ ನೋಡಿ, ಅಷ್ಟೇ ಲೇಖನ ಓದಿ, ಯಾವ ಗಂಟೆಗೆ ಎಲ್ಲಿರಬೇಕು ಅಂತ ಪಟ್ಟಿ ಹಾಕಿದೆ. ಎಲ್ಲರೂ ಹೇಳಿದ್ದು ಒಂದೇ ಮಾತು. ಶನಿವಾರ, ಭಾನುವಾರ ಹೋಗಬೇಡಿ. ರಜಾ ದಿನ ಹೋಗಬೇಡಿ. ದಸರಾ ಟೈಮ್‌ನಲ್ಲಿ ಆ ಕಡೆ ತಲೆ ಕೂಡ ಹಾಕಬೇಡಿ. ವಾರದ ಮಧ್ಯೆ ಹೋಗಿ, ಬೆಳಿಗ್ಗೆ ಬೇಗ ಹೋಗಿ, ಸಂಜೆ ಟ್ರಾಫಿಕ್ ಶುರುವಾಗೋ ಮುಂಚೆ ಹೊರಟುಬಿಡಿ. ಸರಿ ಅಂತ ಒಂದು ಮಂಗಳವಾರ ರಜೆ ಹಾಕಿದೆ.

ಪ್ಲಾನು ಅಂದ್ಕೊಂಡ ಹಾಗೇ ನಡೀತು. 10 ಗಂಟೆಗೆ ಅರಮನೆ ಬಾಗಿಲು ತೆಗೆಯೋ ಹೊತ್ತಿಗೆ ನಾವು ಅಲ್ಲಿದ್ವಿ. ಚಪ್ಪಲಿ ಬಿಡೋಕೆ ಕ್ಯೂ ಇಲ್ಲ, ಯಾರ ಮೊಣಕೈನೂ ತಾಗಲಿಲ್ಲ. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಛಾವಣಿ ಕೆಳಗೆ ಅಮ್ಮನ ಫೋಟೋ ತೆಗೆದರೆ ಹಿಂದೆ ಒಬ್ಬರೂ ಇಲ್ಲ. ಅಲ್ಲಿಂದ ಮೃಗಾಲಯಕ್ಕೆ ಹೋದ್ವಿ. ಗೇಟು ಮುಚ್ಚಿತ್ತು. ಮೈಸೂರು ಮೃಗಾಲಯಕ್ಕೆ ಮಂಗಳವಾರ ವಾರದ ರಜೆ ಅನ್ನೋದನ್ನ ನಾನು ನೋಡಿದ ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ. ಜನ ಇರ್ಲಿಲ್ಲ, ನಿಜ. ಜಿರಾಫೆನೂ ಇರ್ಲಿಲ್ಲ. ಪಕ್ಕದ ಕಾರಂಜಿ ಕೆರೆಗೆ ಹೋಗೋಣ ಅಂದ್ರೆ ಅದಕ್ಕೂ ಮಂಗಳವಾರವೇ ರಜೆ. ಬೆಟ್ಟ ಹತ್ತಿ ದರ್ಶನ ಮಾಡಿ, ಊಟ ಮುಗಿಸಿ, 4 ಗಂಟೆಗೆ ಕಾರು ಸ್ಟಾರ್ಟ್ ಮಾಡಿದೆ. 7 ಗಂಟೆಗೆ ಮನೆಯಲ್ಲಿದ್ವಿ.

ದಾರಿಯಲ್ಲಿ ಅಮ್ಮ ಅಂದ್ರು, "ಚೆನ್ನಾಗಿತ್ತು ಕಣೋ. ಜನನೇ ಇರ್ಲಿಲ್ಲ."

ನಾನು ಅದನ್ನ ಹೊಗಳಿಕೆ ಅಂದ್ಕೊಂಡೆ. ಒಂದು ವಾರ ಆದ ಮೇಲೆ ತಿಪಟೂರಿನ ದೊಡ್ಡಮ್ಮನ ಹತ್ರ ಅಮ್ಮ ಫೋನಲ್ಲಿ ಮಾತಾಡ್ತಿದ್ದಿದ್ದು ಅಡುಗೆಮನೆಯಿಂದ ಕೇಳಿಸ್ತು. "ಹೋಗ್ಬಂದ್ವಿ ಅಕ್ಕ. ಏನೋಪ್ಪ, ಎಲ್ಲಾ ಖಾಲಿ ಖಾಲಿ. ದೀಪನೂ ನೋಡ್ಲಿಲ್ಲ, ಜನನೂ ಇರ್ಲಿಲ್ಲ. ಪಾಪ ರಜ ಹಾಕಿ ಕರ್ಕೊಂಡು ಹೋಗಿದ್ದ, ಏನು ಹೇಳಕ್ಕಾಗುತ್ತೆ."

ಅಮ್ಮ ಮೈಸೂರು ನೋಡಿದ್ದು ಒಂದೇ ಸಲ, ಚಿಕ್ಕವರಿದ್ದಾಗ, ದಸರಾಕ್ಕೆ. ತಾತ ಹೆಗಲ ಮೇಲೆ ಕೂರಿಸ್ಕೊಂಡು ಅರಮನೆ ದೀಪ ತೋರಿಸಿದ್ರಂತೆ. ಈ ಕಥೆ ನಾನು ನೂರು ಸಲ ಕೇಳಿದ್ದೀನಿ. ಅಷ್ಟು ಕೇಳಿದವನು ದೀಪ ಹತ್ತೋಕೆ ಮೂರು ಗಂಟೆ ಮುಂಚೆ ಊರು ಬಿಡಿಸಿದ್ದೆ, ಟ್ರಾಫಿಕ್ ತಪ್ಪಿಸೋಕೆ.

ಆಮೇಲೆ ಆ ವಿಡಿಯೋ, ಲೇಖನಗಳನ್ನೆಲ್ಲ ಇನ್ನೊಂದು ಸಲ ನೋಡಿದೆ. ಈ ಸಲ ಪ್ಲಾನ್ ಮಾಡೋಕಲ್ಲ, ಎಲ್ಲಿ ಎಡವಿದೆ ಅಂತ ತಿಳ್ಕೊಳ್ಳೋಕೆ. 'ರಶ್ ಇಲ್ಲದ ಮೈಸೂರು' ಅನ್ನೋದು ಈಗ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಅದಕ್ಕೆ ಅದರದೇ ಛಂದಸ್ಸಿದೆ: ಡ್ರೋನ್ ಶಾಟ್, ಖಾಲಿ ಕಾರಿಡಾರು, ಕಡೆಗೆ 'ಸೇವ್ ಮಾಡ್ಕೊಳ್ಳಿ' ಅನ್ನೋ ಮಾತು. ಇಷ್ಟು ಜನ ನೋಡಿ, ನಂಬಿ, ಊರು ಸುತ್ತೋ ಒಂದು ಪ್ರಕಾರವನ್ನ ವಿಮರ್ಶೆ ಮಾಡೋದು ತಪ್ಪೇನಲ್ಲ. ಕಥೆ, ಕಾದಂಬರಿಗೆ ಮಾಡ್ತೀವಲ್ಲ, ಹಾಗೇ.

ಮೊದಲ ತಕರಾರು ಮಾಹಿತಿಯದ್ದು. ಈ ಗೈಡುಗಳಿಗೆ ಗೊತ್ತಿರೋದು ಒಂದೇ ಕ್ಯಾಲೆಂಡರು, ಐಟಿ ಕಂಪನಿಯ ಕ್ಯಾಲೆಂಡರು. ಸೋಮವಾರದಿಂದ ಶುಕ್ರವಾರ ಖಾಲಿ, ಶನಿವಾರ ಭಾನುವಾರ ಭರ್ತಿ. ಮೈಸೂರಿಗೆ ತನ್ನದೇ ಪಂಚಾಂಗ ಇದೆ. ನವೆಂಬರ್‌ನಿಂದ ಜನವರಿವರೆಗೆ ಯಾವುದೇ ಬುಧವಾರ, ಗುರುವಾರ ಅರಮನೆ ಮುಂದೆ ಹೋಗಿ ನಿಂತು ನೋಡಿ. ರಾಜ್ಯದ ಮೂಲೆಮೂಲೆಯಿಂದ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತಿರುತ್ತವೆ. ಯೂನಿಫಾರ್ಮ್ ಹಾಕ್ಕೊಂಡ ಮಕ್ಕಳು ಒಬ್ಬರ ಹೆಗಲು ಒಬ್ಬರು ಹಿಡ್ಕೊಂಡು ರೈಲಿನ ಥರ ಹೋಗ್ತಿರ್ತಾರೆ, ಮೇಷ್ಟ್ರು ತಲೆ ಎಣಿಸ್ತಿರ್ತಾರೆ. ವಾರದ ಮಧ್ಯೆ ಖಾಲಿ ಅಂತ ನಂಬಿ ಬಂದವರು ಆ ಸಾಲಿನ ಹಿಂದೆ ನಿಲ್ತಾರೆ. ಮೃಗಾಲಯದ ಕಥೆನೂ ಇಷ್ಟೇ. ಮಂಗಳವಾರ ಬಾಗಿಲೇ ತೆಗೆಯಲ್ಲ. ತೆಗೆಯೋ ದಿನ ಬೆಳಿಗ್ಗೆ 8.30ಕ್ಕೇ ತೆಗೀತಾರೆ, ಅರಮನೆಗಿಂತ ಒಂದೂವರೆ ಗಂಟೆ ಮುಂಚೆ. ಅಂದ್ರೆ ಮೊದಲು ಮೃಗಾಲಯ, ಆಮೇಲೆ ಅರಮನೆ ಅನ್ನೋದು ಸರಿಯಾದ ಲೆಕ್ಕ. ಬಿಸಿಲೇರೋ ಮುಂಚೆ ಪ್ರಾಣಿಗಳೂ ಚುರುಕಾಗಿರ್ತವೆ. ಆದ್ರೆ ಹೆಚ್ಚಿನ ಪಟ್ಟಿಗಳಲ್ಲಿ ಅರಮನೆ ದೊಡ್ಡದು ಅನ್ನೋ ಕಾರಣಕ್ಕೆ ಅದೇ ಮೊದಲು.

ಚಾಮುಂಡಿ ಬೆಟ್ಟದ್ದು ಇನ್ನೂ ಬೇರೆ. ಅಲ್ಲಿ ರಶ್ ತೀರ್ಮಾನ ಮಾಡೋದು ವೀಕೆಂಡ್ ಅಲ್ಲ, ಚಾಂದ್ರಮಾನ. ಆಷಾಢ ಶುಕ್ರವಾರ ಆಫೀಸಿಗೆ ಕೆಲಸದ ದಿನ, ಬೆಟ್ಟಕ್ಕೆ ಜಾತ್ರೆ. ಆವತ್ತು ಬೆಳಗಿನ ಜಾವದಿಂದಲೇ ಸಾಲು. ಇದನ್ನ ತಿಳ್ಕೊಳ್ಳೋಕೆ ಡ್ರೋನ್ ಬೇಡ, ಗೋಡೆ ಮೇಲಿನ ಕ್ಯಾಲೆಂಡರ್ ಸಾಕು. ದಸರಾ ವಿಷಯದಲ್ಲೂ ಹತ್ತು ದಿನಗಳನ್ನ ಒಂದೇ ಗಂಟು ಕಟ್ಟಿ 'ಹೋಗಬೇಡಿ' ಅಂದುಬಿಡ್ತಾರೆ. ವಿಜಯದಶಮಿಯ ಜಂಬೂ ಸವಾರಿ ದಿನದ ಜನಸಾಗರಕ್ಕೂ ಮೊದಲ ಎರಡು ಮೂರು ದಿನದ ಜನಕ್ಕೂ ಹೋಲಿಕೆಯೇ ಇಲ್ಲ. ಆ ಮೊದಲ ದಿನಗಳಲ್ಲೂ ಅರಮನೆ ದೀಪ ಇರುತ್ತೆ, ಅರಮನೆ ಮುಂದೆ ಸಂಗೀತ ಇರುತ್ತೆ, ಫಲಪುಷ್ಪ ಪ್ರದರ್ಶನ ಇರುತ್ತೆ, ಕುಸ್ತಿ ಇರುತ್ತೆ.

ಆದ್ರೆ ಮಾಹಿತಿ ತಪ್ಪು ಅನ್ನೋದು ಸಣ್ಣ ವಿಷಯ. ಯಾರಾದ್ರೂ ಸರಿಯಾದ ಪಟ್ಟಿ ಮಾಡಿಕೊಟ್ರೆ ಸರಿಹೋಗುತ್ತೆ. ನನ್ನ ದೊಡ್ಡ ತಕರಾರು ಈ ಪ್ರಕಾರದ ದೃಷ್ಟಿಯ ಬಗ್ಗೆ. ಇದು ಊರನ್ನ ಒಂದು ವಸ್ತು ಅಂದ್ಕೊಳ್ಳುತ್ತೆ, ಜನರನ್ನ ಆ ವಸ್ತುವಿನ ಮೇಲೆ ಕೂತ ಧೂಳು ಅಂದ್ಕೊಳ್ಳುತ್ತೆ. ಧೂಳು ಒರೆಸಿದ್ರೆ ವಸ್ತು ಚೆನ್ನಾಗಿ ಕಾಣುತ್ತೆ ಅನ್ನೋದು ಅದರ ತರ್ಕ. ಕೆಲವು ಕಡೆ ಇದು ನಿಜ ಇರಬಹುದು. ಆದ್ರೆ ಮೈಸೂರಿನಂಥ ಊರಿನ ಮುಖ್ಯ ಜಾಗಗಳಲ್ಲಿ ಇದು ನಿಜ ಅಲ್ಲ.

ಅರಮನೆಯನ್ನೇ ತಗೊಳ್ಳಿ. 1897ರಲ್ಲಿ ರಾಜಕುಮಾರಿಯ ಮದುವೆ ಸಂದರ್ಭದಲ್ಲಿ ಹಳೇ ಮರದ ಅರಮನೆಗೆ ಬೆಂಕಿ ಬಿತ್ತು. ಆಮೇಲೆ ಹೆನ್ರಿ ಇರ್ವಿನ್ ಅನ್ನೋ ವಾಸ್ತುಶಿಲ್ಪಿಯ ನಕ್ಷೆಯಲ್ಲಿ ಈಗಿನ ಅರಮನೆ ಎದ್ದು, 1912ರಲ್ಲಿ ಪೂರ್ತಿ ಆಯ್ತು. ಅದರ ಸಾರ್ವಜನಿಕ ದರ್ಬಾರ್ ಹಾಲ್‌ನಲ್ಲಿ ನಿಂತು ನೋಡಿದ್ರೆ ಒಂದು ವಿಷಯ ಗೊತ್ತಾಗುತ್ತೆ. ಅದಕ್ಕೆ ಎದುರುಗಡೆ ಗೋಡೆನೇ ಇಲ್ಲ. ಆ ಕಡೆ ಪೂರ್ತಿ ತೆರೆದಿದೆ, ಮುಂದೆ ವಿಶಾಲವಾದ ಬಯಲು. ಮನೆಯವರಿಗೆ ಮಾತ್ರ ಕಟ್ಟಿದ ಮನೆಗೆ ಇಂಥ ಹಜಾರ ಯಾಕೆ ಬೇಕು? ಬಯಲಲ್ಲಿ ಜನ ನಿಲ್ತಾರೆ, ಇವರು ಅವರನ್ನ ನೋಡ್ತಾರೆ, ಅವರು ಇವರನ್ನ ನೋಡ್ತಾರೆ ಅಂತಲೇ ಕಟ್ಟಿದ್ದು. ಜನ ಇಲ್ಲದ ಆ ಬಯಲು ಪ್ರೇಕ್ಷಕರಿಲ್ಲದ ನಾಟಕದ ಥರ.

ಇನ್ನೂ ತಮಾಷೆ ಏನಂದ್ರೆ, ನಾನು ಅಮ್ಮನ 'ಖಾಲಿ' ಫೋಟೋ ತೆಗೆದ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ಏನಿದೆ ಗೊತ್ತಾ? ದಸರಾ ಮೆರವಣಿಗೆಯ ದೊಡ್ಡ ದೊಡ್ಡ ತೈಲಚಿತ್ರಗಳು. ಆನೆ, ಕುದುರೆ, ಸೈನಿಕರು, ವಾದ್ಯದವರು, ರಸ್ತೆ ಪಕ್ಕ ನಿಂತು ನೋಡೋ ಜನ. ಅರಮನೆಯವರು ತಮ್ಮ ಅತಿ ಚಂದದ ಹಾಲ್‌ಗೆ ಬರೆಸಿಕೊಂಡ ಚಿತ್ರ ಒಂದು ಮೆರವಣಿಗೆಯದ್ದು! ಅದರ ಎದುರು ನಿಂತು ನಾನು ಫ್ರೇಮಿನಲ್ಲಿ ಯಾರೂ ಬರದ ಹಾಗೆ ನೋಡ್ಕೊಳ್ತಿದ್ದೆ. ಅಮ್ಮ ಆ ಚಿತ್ರಗಳನ್ನ ತುಂಬಾ ಹೊತ್ತು ನೋಡಿದ್ರು. 'ಬಾಮ್ಮ, ಟೈಮಾಗುತ್ತೆ' ಅಂತ ಕರೆದಿದ್ದು ನಾನೇ.

ದೀಪದ್ದೂ ಹಾಗೇ. ಭಾನುವಾರ ಮತ್ತು ಸರ್ಕಾರಿ ರಜಾ ದಿನ ಸಂಜೆ 7ಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹತ್ತಿಸ್ತಾರೆ. ನೋಡೋಕೆ ದುಡ್ಡು ಕೊಡಬೇಕಾಗಿಲ್ಲ. ಉಳಿದ ದಿನ ಧ್ವನಿ-ಬೆಳಕು ಪ್ರದರ್ಶನಕ್ಕೆ ಟಿಕೆಟ್ ತಗೊಂಡು ಕೂತರೆ, ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ದೀಪ ಹಾಕ್ತಾರೆ. 'ಭಾನುವಾರ ರಶ್ಶು, ಬೇರೆ ದಿನ ನೋಡಿ' ಅನ್ನೋ ಸಲಹೆಯನ್ನ ಹಾಗಾಗಿ ಪೂರ್ತಿ ಸುಳ್ಳು ಅನ್ನಲ್ಲ. ದೀಪ ಕಾಣುತ್ತೆ. ಆದ್ರೆ ಭಾನುವಾರ ಇನ್ನೂ ಒಂದು ವಿಷಯ ಇರುತ್ತೆ. ದೀಪ ಹತ್ತೋ ಮುಂಚಿನ ಐದು ನಿಮಿಷ ಆ ಬಯಲಲ್ಲಿ ಎಲ್ಲರೂ ಒಂದೇ ಕಡೆ ನೋಡ್ತಾ ಕಾಯ್ತಿರ್ತಾರೆ, ಹತ್ತಿದ ಕ್ಷಣ ಎಲ್ಲರ ಬಾಯಿಂದಲೂ ಒಂದೇ ಸಲ ಒಂದು ಸದ್ದು ಬರುತ್ತೆ. ಅದನ್ನ ಮಾಡೋಕೆ ಜನ ಬೇಕು.

ಈಗ ಜನ ಯಾರು ಅಂತ ನೋಡೋಣ. 'ಮಂಗಳವಾರ ಹೋಗಿ' ಅಂತ ಹೇಳಿಸ್ಕೊಳ್ಳೋಕೆ ಯಾರಿಗೆ ಸಾಧ್ಯ? ನನಗೆ ಸಾಧ್ಯ. ಮ್ಯಾನೇಜರ್‌ಗೆ ಒಂದು ಮೆಸೇಜ್ ಹಾಕಿದ್ರೆ ಸಾಕು. ಲ್ಯಾಪ್‌ಟಾಪ್ ತಗೊಂಡು ಹೋಗಿ ಹೋಟೆಲ್ ರೂಮಿಂದ ಮೀಟಿಂಗ್ ಮುಗಿಸೋರೂ ಇದ್ದಾರೆ. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡೋ ಹೆಣ್ಣುಮಗಳಿಗೆ, ಗಾರೆ ಕೆಲಸದವರಿಗೆ, ಮಕ್ಕಳ ಸ್ಕೂಲು ತಪ್ಪಿಸೋ ಹಾಗಿಲ್ಲದವರಿಗೆ ಇರೋದು ಒಂದು ಭಾನುವಾರ. ಅವರು ಟಿಕೆಟ್ ಇಲ್ಲದ ದೀಪ ನೋಡೋಕೆ ಬರ್ತಾರೆ. ನಮ್ಮ ಗೈಡುಗಳಲ್ಲಿ ಅವರ ಹೆಸರು 'ರಶ್'. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬಸ್ಸಲ್ಲಿ ಬಂದವರು ನಮ್ಮ ಅನುಭವ ಕೆಡಿಸೋರು. ಒಬ್ಬರಿಗೆ, ಇಬ್ಬರಿಗೆ ಒಂದೊಂದು ಕಾರು ತಂದು ಅರಮನೆ ಸುತ್ತಿನ ರಸ್ತೆಯಲ್ಲಿ ಪಾರ್ಕಿಂಗ್ ಹುಡುಕ್ತಾ ಮೂರು ಸುತ್ತು ಹಾಕೋ ನಾವು 'ಟ್ರಾವೆಲರ್ಸು'. ರಸ್ತೆಯಲ್ಲಿ ಹೆಚ್ಚು ಜಾಗ ತಿನ್ನೋದು ಯಾರು ಅಂತ ಲೆಕ್ಕ ಹಾಕಿದ್ರೆ ಉತ್ತರ ನಮಗೆ ಇಷ್ಟ ಆಗಲ್ಲ.

ಹಾಗಂತ ಜನಜಂಗುಳಿ ಎಲ್ಲಾ ಕಡೆ ಚಂದ ಅಂತ ನಾನು ಹೇಳ್ತಿಲ್ಲ. ಅದು ಇನ್ನೊಂದು ಥರದ ಸೋಗು. ಸೋಮನಾಥಪುರಕ್ಕೆ ಭಾನುವಾರ ಮಧ್ಯಾಹ್ನ ಹೋಗಬೇಡಿ ಅಂತ ನಾನೇ ಹೇಳ್ತೀನಿ. ಮೈಸೂರಿನಿಂದ ಸುಮಾರು 35 ಕಿಲೋಮೀಟರ್ ದೂರದ ಆ 13ನೇ ಶತಮಾನದ ದೇವಸ್ಥಾನ ದೂರದಿಂದ ನೋಡೋ ಕಟ್ಟಡ ಅಲ್ಲ, ಹತ್ತಿರ ನಿಂತು ಗೋಡೆ ಓದಬೇಕು. ಆನೆ ಸಾಲು, ಕುದುರೆ ಸಾಲು, ಮೇಲೆ ಮೂರ್ತಿಗಳು, ಕೆಲವು ಮೂರ್ತಿಗಳ ಪೀಠದ ಮೇಲೆ ಕೆತ್ತಿದವರ ಹೆಸರು. ಮಲ್ಲಿತಮ್ಮ ಅನ್ನೋ ಶಿಲ್ಪಿಯ ಹೆಸರನ್ನ ಅವನ ಕೈಯಕ್ಷರದಲ್ಲಿ ಹುಡುಕಿ ಓದೋಕೆ ಹಿಂದಿನವರು ತಳ್ಳಬಾರದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಅದೂ ವಿಶ್ವಪರಂಪರೆಯ ಪಟ್ಟಿ ಸೇರಿದೆ. ಅಲ್ಲಿಗೆ ವಾರದ ದಿನ, ಬೆಳಗಿನ ಎಳೆ ಬಿಸಿಲಲ್ಲಿ ಹೋಗೋದೇ ಸರಿ.

ಜಗನ್ಮೋಹನ ಅರಮನೆಯ ಚಿತ್ರಶಾಲೆಯೂ ಹಾಗೇ. ಅಲ್ಲಿ ಕೈಯಲ್ಲಿ ದೀಪ ಹಿಡಿದ ಹುಡುಗಿಯ ಒಂದು ಜಲವರ್ಣ ಚಿತ್ರ ಇದೆ. ಬರೆದವರು ಎಸ್.ಎಲ್. ಹಳದಣಕರ್. ಬಂದವರಲ್ಲಿ ಎಷ್ಟೋ ಜನ ರವಿವರ್ಮನದ್ದು ಅಂದ್ಕೊಂಡು ಹೋಗ್ತಾರೆ. ಬೆರಳ ಸಂದಿಯಿಂದ ಬರೋ ಆ ಬೆಳಕನ್ನ ನೋಡೋಕೆ ಎರಡು ನಿಮಿಷ ಯಾರೂ ಮಾತಾಡದೆ ನಿಲ್ಲಬೇಕು. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಇದ್ದ ಮನೆ 2016ರಿಂದ ಮ್ಯೂಸಿಯಂ ಆಗಿದೆ. ಅದು ಒಬ್ಬ ಲೇಖಕ ಕೂತು ಬರೀತಿದ್ದ ಮನೆ. ಅಲ್ಲಿ ನೂರು ಜನ ಸೇರಿದ್ರೆ ಆ ಮನೆ ನಮಗೆ ಕಾಣೋದೇ ಇಲ್ಲ.

ಅಂದ್ರೆ ಕೇಳಬೇಕಾದ ಪ್ರಶ್ನೆ 'ರಶ್ ಯಾವಾಗ ಇರಲ್ಲ' ಅನ್ನೋದಲ್ಲ. 'ಈ ಜಾಗ ಎಷ್ಟು ಜನಕ್ಕೋಸ್ಕರ ಆಗಿದ್ದು' ಅನ್ನೋದು. ಒಬ್ಬರೇ ನಿಂತು ನೋಡೋ ಜಾಗಕ್ಕೆ ಒಬ್ಬರೇ ಇರೋ ಹೊತ್ತು ಹುಡುಕಿ. ಊರೇ ಸೇರಿ ನೋಡೋ ಜಾಗಕ್ಕೆ ಊರು ಸೇರೋ ದಿನ ಹೋಗಿ. ಗೈಡುಗಳು ಈ ಎರಡನ್ನೂ ಒಂದೇ ಮೊರದಲ್ಲಿ ಹಾಕಿ ಕೇರ್ತವೆ. ದೇವರಾಜ ಮಾರುಕಟ್ಟೆಗೆ 'ಮಧ್ಯಾಹ್ನ 2ಕ್ಕೆ ಹೋಗಿ, ಖಾಲಿ ಇರುತ್ತೆ' ಅಂತ ಒಬ್ಬರು ಹೇಳಿದ್ರು. ಖಾಲಿ ಮಾರುಕಟ್ಟೆಯಲ್ಲಿ ಏನ್ರೀ ನೋಡೋದು? ಹಬ್ಬದ ಹಿಂದಿನ ಬೆಳಿಗ್ಗೆ ಹೋಗಿ. ಮಾರುಗಟ್ಟಲೆ ಮಲ್ಲಿಗೆ, ಕುಂಕುಮದ ಗುಡ್ಡೆ, ವೀಳ್ಯದೆಲೆ ಕಟ್ಟು, ರಸಬಾಳೆ, ಚೌಕಾಸಿ ಗಲಾಟೆ. 2016ರಲ್ಲಿ ಒಂದು ಭಾಗ ಕುಸಿದು ಬಿದ್ದ ಮೇಲೆ, ಕೆಡವಬೇಕಾ ಉಳಿಸಬೇಕಾ ಅಂತ ವಾದ ನಡೀತಿದ್ರೂ ಅದು ಇನ್ನೂ ಉಸಿರಾಡ್ತಿರೋದು ಅಲ್ಲಿ ದಿನಾ ಕೊಳ್ಳೋಕೆ ಬರೋ ಜನರಿಂದ, ನಮ್ಮ ಫೋಟೋಗಳಿಂದಲ್ಲ.

ಈ ಗೈಡುಗಳ ಪರವಾಗಿ ಒಂದು ಮಾತು ಹೇಳಲೇಬೇಕು. ಗುಂಪು ಅಂದ್ರೆ ಎಲ್ಲರಿಗೂ ಒಂದೇ ಅಲ್ಲ. ಮಂಡಿ ನೋವಿರೋರಿಗೆ, ಕಂಕುಳಲ್ಲಿ ಕೂಸಿರೋರಿಗೆ, ಗಾಲಿಕುರ್ಚಿಯಲ್ಲಿ ಬರೋರಿಗೆ ನೂಕುನುಗ್ಗಲು ಅಂದ್ರೆ ಬರೀ ಕಿರಿಕಿರಿ ಅಲ್ಲ, ಭಯ. ನಮ್ಮಮ್ಮನಿಗೂ ಮಂಡಿ ನೋವು. ನಾನು ಮಂಗಳವಾರ ಆರಿಸಿದ್ದಕ್ಕೆ ಅದೂ ಒಂದು ಕಾರಣ. ಆದ್ರೆ ಇಂಥವರಿಗೆ ಬೇಕಾದ ಮಾಹಿತಿ ಬೇರೆ. ಎಲ್ಲಿ ಕೂರಬಹುದು, ಶೌಚಾಲಯ ಎಲ್ಲಿ, ಎಷ್ಟು ದೂರ ನಡೀಬೇಕು, ಎಷ್ಟು ಮೆಟ್ಟಿಲು, ಯಾವ ಬಸ್ಸು ಎಲ್ಲಿವರೆಗೆ ಬಿಡುತ್ತೆ. ಚಾಮುಂಡಿ ಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಅಂತ ಎಲ್ಲರೂ ಹೇಳ್ತಾರೆ. ಹತ್ತೋಕಾಗದವರು ನಂದಿವರೆಗೆ ವಾಹನದಲ್ಲೇ ಹೋಗಬಹುದು, ಬೆಟ್ಟಕ್ಕೆ ಸಿಟಿ ಬಸ್ಸೇ ಇದೆ ಅಂತ ಹೇಳೋರು ಕಮ್ಮಿ. ಯಾಕಂದ್ರೆ ವಿಡಿಯೋ ಮಾಡೋರ ಮಂಡಿ ಚೆನ್ನಾಗಿದೆ.

ಇನ್ನೊಂದು ವಿಷಯ. ರಶ್ ತಪ್ಪಿಸೋ ಈ ಲೆಕ್ಕವೇ ರಶ್ ತರಿಸ್ತಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇ ಉದ್ಘಾಟನೆ ಆದ ಮೇಲೆ ಬೆಳಿಗ್ಗೆ ಹೋಗಿ ರಾತ್ರಿ ಬರೋದು ಸಲೀಸಾಯ್ತು. ಎಲ್ಲರೂ ಒಂದೇ ದಿನದಲ್ಲಿ ಮುಗಿಸೋಕೆ ಹೊರಟರೆ ಎಲ್ಲರೂ 10ರಿಂದ 4ರ ಒಳಗೆ ಅದೇ ನಾಲ್ಕು ಜಾಗದಲ್ಲಿ ಇರಬೇಕು. ಆಮೇಲೆ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ವಾಪಸ್. ಎಂಟು ಜಾಗ ಒಂದು ದಿನದಲ್ಲಿ ಅಂತ ಹೇಳೋ ಗೈಡು, ರಶ್ ತಪ್ಪಿಸಿ ಅಂತಲೂ ಹೇಳೋದು ಒಂದು ಕಡೆ ಉಪ್ಪು ಸುರಿದು ಇನ್ನೊಂದು ಕಡೆ ಸಾರು ಉಪ್ಪಾಯ್ತು ಅಂದ ಹಾಗೆ. ನನಗೆ ಗೊತ್ತಿರೋ ಉಪಾಯ ಇಷ್ಟೇ: ಒಂದು ರಾತ್ರಿ ಅಲ್ಲೇ ಉಳ್ಕೊಳ್ಳಿ. ಮಧ್ಯಾಹ್ನ ಮಲಗಿ. ಮೈಸೂರಿನವರೂ ಅದನ್ನೇ ಮಾಡೋದು.

ಹೀಗಂತ ಬುದ್ಧಿ ಬಂದ ಮೇಲೆ, ಏಪ್ರಿಲ್‌ನ ಒಂದು ಭಾನುವಾರ ಅಮ್ಮನನ್ನ ಮತ್ತೆ ಕರ್ಕೊಂಡು ಹೋದೆ. ರೈಲಲ್ಲಿ. ಎಕ್ಸೆಲ್ ಶೀಟ್ ಇರ್ಲಿಲ್ಲ, ಲಾಡ್ಜ್ ಬುಕ್ ಮಾಡಿದ್ದೆ ಅಷ್ಟೇ. ಮಧ್ಯಾಹ್ನ ಅಮ್ಮ ಒಂದು ನಿದ್ದೆ ತೆಗೆದ್ರು. 6 ಗಂಟೆಗೆ ಹೋಗಿ ಅರಮನೆ ಮುಂದಿನ ಬಯಲಲ್ಲಿ ಕೂರೋಕೆ ಒಂದು ಕಟ್ಟೆ ಹುಡುಕಿದ್ವಿ. ಪಕ್ಕದಲ್ಲಿ ಕೆ.ಆರ್. ಪೇಟೆ ಕಡೆಯ ಒಂದು ಸಂಸಾರ. ಹತ್ತು ನಿಮಿಷದಲ್ಲಿ ಅಮ್ಮನಿಗೆ ಅವರ ಮಗಳ ಮದುವೆ ಆಗಿದ್ದು ಯಾವೂರಿಗೆ ಅನ್ನೋವರೆಗೂ ಗೊತ್ತಾಗಿತ್ತು. ಅವರು ಕೋಡುಬಳೆ ಕೊಟ್ರು, ಅಮ್ಮ ನಮ್ಮ ಬ್ಯಾಗಿಂದ ಕಿತ್ತಳೆ ತೆಗೆದು ಕೊಟ್ರು.

ಜನ ಬರ್ತಾ ಬರ್ತಾ ಜಾಸ್ತಿ ಆದ್ರು. 7 ಗಂಟೆಗೆ ಎರಡು ನಿಮಿಷ ಇರುವಾಗ ಸರಿಯಾಗಿ ನಮ್ಮ ಮುಂದೆ ಒಬ್ಬ ಬಂದು ನಿಂತ. ಅವನ ಹೆಗಲ ಮೇಲೆ ನಾಲ್ಕೈದು ವರ್ಷದ ಹುಡುಗ. ಅರಮನೆಯ ನಡುಗೋಪುರ ಪೂರ್ತಿ ಮುಚ್ಚಿಹೋಯ್ತು. ಸ್ವಲ್ಪ ಆ ಕಡೆ ನಿಲ್ತೀರಾ ಅಂತ ಕೇಳೋಣ ಅಂತ ನಾನು ಎದ್ದೆ. ಅಮ್ಮ ನನ್ನ ಶರ್ಟು ಹಿಡಿದು ಎಳೆದ್ರು.

"ಇರ್ಲಿ ಕೂತ್ಕೊಳೋ. ಮಗು ನೋಡ್ಲಿ."

ಅಷ್ಟರಲ್ಲಿ ದೀಪ ಹತ್ತಿತು.